ತೆರೆಯ ಮೇಲೆ ನಿಂತ ಡ್ಯೂಕ್ ಕಹನಮೊಕು

ಕಡಲತಡಿಯ ಊರಿನವರಾದ ನಮಗೆ ತೆರೆಗಳು ಹೊಸತಲ್ಲ. ಬೆಳಗಾಗುವ ಮೊದಲೇ ದೋಣಿಯನ್ನು ತೆರೆ ದಾಟಿಸಿ ಆಚೆಗೊಯ್ಯುವ ಮೀನುಗಾರರ ಸಾಹಸವನ್ನು ನಾವು ಕಂಡೇ ಬೆಳೆದವರು. ಆದರೆ ಉರುಳಿ ಬರುವ ತೆರೆಯನ್ನೇ ವಾಹನ ಮಾಡಿಕೊಂಡು, ಮರದ ಹಲಗೆಯ ಮೇಲೆ ನೆಟ್ಟಗೆ ನಿಂತು ದಡ ಸೇರುವ ಆಟವೊಂದಿದೆ. ಅದನ್ನು ಸರ್ಫಿಂಗ್ ಎನ್ನುತ್ತಾರೆ. ಈ ಆಟವನ್ನು ಲೋಕಕ್ಕೆ ಪರಿಚಯಿಸಿದವರಲ್ಲಿ ಅಗ್ರಗಣ್ಯನಾದ ಡ್ಯೂಕ್ ಕಹನಮೊಕುವಿನ ಕಥೆಯನ್ನು ಇಲ್ಲಿ ಹೇಳಹೊರಟಿದ್ದೇವೆ.

ಶಾಂತಸಾಗರದ ನಡುವಣ ಹವಾಯಿ ದ್ವೀಪಗಳ ಹೊನೊಲುಲು ನಗರದಲ್ಲಿ 1890ರ ಆಗಸ್ಟ್ 24ರಂದು ಆತ ಹುಟ್ಟಿದ. ಡ್ಯೂಕ್ ಎಂಬುದು ಬಿರುದಲ್ಲ, ಹೆಸರು. 1869ರಲ್ಲಿ ಇಂಗ್ಲೆಂಡಿನ ರಾಜಕುಮಾರನಾದ ಎಡಿನ್‌ಬರೋದ ಡ್ಯೂಕ್ ಅಲ್ಲಿಗೆ ಬಂದಿದ್ದ ನೆನಪಿಗೆ ತಂದೆಗೆ ಇಟ್ಟ ಹೆಸರು ಹಿರಿಯ ಮಗನಿಗೂ ಬಂತು. ತಂದೆ ಪೊಲೀಸ್ ಇಲಾಖೆಯಲ್ಲಿ ನೌಕರ. ಮನೆಯಲ್ಲಿ ಒಂಬತ್ತು ಮಕ್ಕಳು. ಡ್ಯೂಕ್ ಇನ್ನೂ ಕೂಸಾಗಿದ್ದಾಗಲೇ ದ್ವೀಪದ ರಾಣಿ ಪದಚ್ಯುತಳಾದಳು. 1898ರಲ್ಲಿ ನಾಡು ಅಮೆರಿಕದ ಪಾಲಾಯಿತು. ಒಂದು ಕಾಲಕ್ಕೆ ಅರಸನಿಂದ ಆಳಿನವರೆಗೆ ಎಲ್ಲರೂ ಆಡುತ್ತಿದ್ದ ತೆರೆಯ ಆಟವೂ, ಹೊರಗಿನಿಂದ ಬಂದ ರೋಗಗಳಿಂದ ಜನ ಕ್ಷೀಣಿಸಿ, ಪಾದ್ರಿಗಳ ಅಸಮ್ಮತಿಗೂ ಗುರಿಯಾಗಿ, ಬಹುಮಟ್ಟಿಗೆ ಮರೆಯಾಗಿತ್ತು.

ಅದನ್ನು ಬದುಕಿಸಿಕೊಂಡವರಲ್ಲಿ ವೈಕಿಕಿ ಕಡಲತಡಿಯ ಬಡ ಹುಡುಗರೂ ಇದ್ದರು. ಅವರ ಮೋಜಿಗೆ ಖರ್ಚೆಂಬುದೇ ಇರಲಿಲ್ಲ. ಕಡಲಿತ್ತು, ಗೆಳೆಯರಿದ್ದರು, ಕೈಯಾರೆ ಕೆತ್ತಿದ ಹಲಗೆಯಿತ್ತು. ಮನೆಯ ಅಡಚಣೆಯಿಂದ ಡ್ಯೂಕ್ ಪ್ರೌಢಶಾಲೆಯನ್ನು ಪೂರೈಸಲಾಗಲಿಲ್ಲ. ಆತನ ಹಲಗೆಯೋ 16 ಅಡಿ ಉದ್ದ, 50 ಕಿಲೋಗ್ರಾಮಿಗೂ ಮಿಕ್ಕ ತೂಕ! ಅಂತಹ ಹಲಗೆಯ ಮೇಲೆ ಬೋರಲಾಗಿ ಮಲಗಿ, ಎರಡು ಕೈಗಳಿಂದ ನೀರು ಸೀಳುತ್ತಾ ಆಳಕ್ಕೆ ಹೋಗಬೇಕು. ಅಲ್ಲಿ ದಡದತ್ತ ತಿರುಗಿ ಕಾಯಬೇಕು. ತೆರೆ ಬಂದು ಹಲಗೆಯ ಹಿಂಬದಿಯನ್ನು ಎತ್ತುವ ಕ್ಷಣಕ್ಕೆ ಸರಿಯಾಗಿ ಎದ್ದು ನಿಲ್ಲಬೇಕು. ತುಸು ಮೊದಲಾದರೆ ತೆರೆ ಬಿಟ್ಟುಹೋಗುತ್ತದೆ, ತುಸು ತಡವಾದರೆ ತಲೆಕೆಳಗಾಗುತ್ತೇವೆ. ಉಪ್ಪುನೀರು ಕುಡಿಯದೆ ಇದನ್ನು ಕಲಿತವರು ಯಾರೂ ಇರಲಾರರು.

ಈ ಗೆಳೆಯರೇ ಸೇರಿ 1911ರಲ್ಲಿ ‘ಹುಯಿ ನಾಲು’ ಎಂಬ ಸಂಘವನ್ನು ಕಟ್ಟಿದರು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಹೊನೊಲುಲು ಬಂದರಿನಲ್ಲಿ ನಡೆದ ಈಜಿನ ಪಂದ್ಯದಲ್ಲಿ ಡ್ಯೂಕ್ 100 ಗಜಗಳನ್ನು 55.4 ಸೆಕೆಂಡುಗಳಲ್ಲಿ ಈಜಿದ. ಅಂದಿನ ವಿಶ್ವದಾಖಲೆಗಿಂತ 4 ಸೆಕೆಂಡಿಗೂ ಹೆಚ್ಚು ಬೇಗ! ಅಮೆರಿಕದ ಈಜು ಅಧಿಕಾರಿಗಳು ನಂಬಲಿಲ್ಲ. ಗಡಿಯಾರ ಕೆಟ್ಟಿರಬೇಕು, ನೀರಿನ ಸೆಳೆತ ನೆರವಾಗಿರಬೇಕು ಎಂದು ದಾಖಲೆಯನ್ನು ತಳ್ಳಿಹಾಕಿದರು. ದೂರದ ದ್ವೀಪದ ಕಂದುಬಣ್ಣದ ಹುಡುಗನಲ್ಲದೆ ಬೇರೆಯವನಾಗಿದ್ದರೆ ಇಷ್ಟು ಸುಲಭವಾಗಿ ಸಂಶಯಪಡುತ್ತಿದ್ದರೇ ಎಂಬುದು ನಮ್ಮ ಪ್ರಶ್ನೆ. ಊರಿನವರು ವಂತಿಗೆ ಎತ್ತಿ ಆತನನ್ನು ಅಮೆರಿಕಕ್ಕೆ ಕಳುಹಿಸಿದರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ 100 ಮೀಟರ್ ಈಜಿನ ಚಿನ್ನದ ಪದಕ ಡ್ಯೂಕ್‌ನದಾಯಿತು.

ಈಜಿನ ಪ್ರದರ್ಶನಕ್ಕೆಂದು ಆಸ್ಟ್ರೇಲಿಯಕ್ಕೆ ಹೋದಾಗ, 1914–15ರ ಬೇಸಗೆಯಲ್ಲಿ, ಸಿಡ್ನಿಯ ಫ್ರೆಶ್‌ವಾಟರ್ ಕಡಲತಡಿಯಲ್ಲಿ ಆತ ಸರ್ಫಿಂಗನ್ನೂ ತೋರಿಸಿದ. ತನ್ನ ಹಲಗೆಯನ್ನು ಒಯ್ದಿರಲಿಲ್ಲ; ಅಲ್ಲೇ ಪೈನ್ ಮರದಿಂದ ಒಂದನ್ನು ಮಾಡಿಕೊಂಡ. ಇಸಬೆಲ್ ಲೆಥಮ್ ಎಂಬ 15 ವರ್ಷದ ಹುಡುಗಿಯನ್ನು ಮುಂದೆ ನಿಲ್ಲಿಸಿಕೊಂಡು ತೆರೆಯೇರಿದ. ಆ ನಾಡು ಇಂದಿಗೂ ಅದನ್ನು ನೆನೆಯುತ್ತದೆ. ಈಗ ನಮಗೆ ಬಹಳ ದೂರವಲ್ಲದ ಮುಲ್ಕಿಯಲ್ಲೂ ಹಲಗೆ ಹಿಡಿದು ಕಡಲಿಗಿಳಿಯುವ ಮಕ್ಕಳಿದ್ದಾರೆ.

ಪದಕಗಳಿಗಿಂತ ಹಿರಿದೆಂದು ನಮಗೆ ತೋರುವುದು 1925ರ ಜೂನ್ 14ರ ಬೆಳಗು. ಡ್ಯೂಕ್ ಆಗ ಕ್ಯಾಲಿಫೋರ್ನಿಯದ ನ್ಯೂಪೋರ್ಟ್ ಬಳಿಯ ಕಡಲತಡಿಯಲ್ಲಿ ಗೆಳೆಯರೊಂದಿಗೆ ಇದ್ದ. ‘ಥೆಲ್ಮಾ’ ಎಂಬ ದೋಣಿ ಭಾರೀ ತೆರೆಗೆ ಸಿಕ್ಕಿ ಮಗುಚಿತು. 17 ಮಂದಿ ನೀರುಪಾಲಾದರು. ಆಟದ ಹಲಗೆಯನ್ನೇ ಹಿಡಿದು ಡ್ಯೂಕ್ ಆ ತೆರೆಗಳೊಳಗೆ ನುಗ್ಗಿದ. ಮುಳುಗುತ್ತಿದ್ದವರನ್ನು ಹಲಗೆಯ ಮೇಲೆ ಎಳೆದು ದಡಕ್ಕೆ ತಂದು ಬಿಟ್ಟ. ಉಸಿರು ತಿರುಗಿಸಿಕೊಂಡು ಮತ್ತೆ ಹೋದ, ಮತ್ತೆ ಹೋದ. ಆತನೊಬ್ಬನೇ ಉಳಿಸಿದವರು 8 ಮಂದಿ. ಗೆಳೆಯರು 4 ಮಂದಿಯನ್ನು ಉಳಿಸಿದರು. 5 ಮಂದಿಯನ್ನು ಕಡಲು ಕೊಂಡೊಯ್ದಿತು. ಈ ಘಟನೆಯ ಬಳಿಕ ಕಡಲತಡಿಯ ರಕ್ಷಕರು ಹಲಗೆಯನ್ನು ತಮ್ಮ ಸಲಕರಣೆಯಾಗಿ ಸ್ವೀಕರಿಸತೊಡಗಿದರು.

ಕೀರ್ತಿ ಬಂತು, ಹಣ ಬರಲಿಲ್ಲ. ಈಜಿನಿಂದ ಸಂಪಾದಿಸುವವರಿಗೆ ಅಂದಿನ ಒಲಿಂಪಿಕ್ಸಿನಲ್ಲಿ ಎಡೆಯಿರಲಿಲ್ಲ. 1920ರಲ್ಲಿ ಇನ್ನೆರಡು ಚಿನ್ನ ಗೆದ್ದು, 1924ರಲ್ಲಿ ಜಾನಿ ವೈಸ್‌ಮುಲ್ಲರ್‌ಗೆ ಸೋತು ಬೆಳ್ಳಿ ಪಡೆದ ಡ್ಯೂಕ್, ಚಲಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದ, ಊರಿನಲ್ಲಿ ಪೆಟ್ರೋಲು ಬಂಕು ನಡೆಸಿದ. ಮೈಬಣ್ಣದ ಕಾರಣದಿಂದ ಊಟ ನಿರಾಕರಿಸಿದ ಹೋಟೆಲನ್ನೂ ಅಮೆರಿಕದಲ್ಲಿ ಕಂಡ. 1934ರಲ್ಲಿ ಹೊನೊಲುಲುವಿನ ಜನ ಆತನನ್ನು ತಮ್ಮ ಶೆರೀಫನನ್ನಾಗಿ ಆರಿಸಿದರು. ಆ ಹುದ್ದೆಗೆ ಮತ್ತೆ ಮತ್ತೆ ಅವನನ್ನೇ ಚುನಾಯಿಸಿದರು. 2021ರಲ್ಲಿ ಟೋಕಿಯೋದಲ್ಲಿ ಸರ್ಫಿಂಗ್ ಮೊದಲ ಸಲ ಒಲಿಂಪಿಕ್ ಸ್ಪರ್ಧೆಯಾದಾಗ ಆತ ತೀರಿಕೊಂಡು ಅರ್ಧ ಶತಮಾನ ಕಳೆದಿತ್ತು.

ಡ್ಯೂಕ್ ಮೃತನಾದದ್ದು 1968ರ ಜನವರಿ 22ರಂದು, 77ರ ವಯಸ್ಸಿನಲ್ಲಿ. ಊರಿನ ಗೆಳೆಯರು ದೋಣಿಗಳಲ್ಲಿ ಹೊರಟು, ವೈಕಿಕಿಯ ತೆರೆಗಳಾಚೆ, ಆತನ ಚಿತಾಭಸ್ಮವನ್ನು ಕಡಲಿಗೆ ಬಿಟ್ಟರು.