ಒಟ್ಟೊ ಲೋವಿ

ಒಟ್ಟೊ ಲೋವಿ (3 ಜೂನ್ 1873 – 25 ಡಿಸೆಂಬರ್ 1961) ಜರ್ಮನಿಯಲ್ಲಿ ಜನಿಸಿದ ಔಷಧಶಾಸ್ತ್ರಜ್ಞರು. ನರಗಳು ತಮ್ಮ ಸಂದೇಶವನ್ನು ರಾಸಾಯನಿಕ ವಸ್ತುವಿನ ಮೂಲಕ ತಲುಪಿಸುತ್ತವೆ ಎಂಬುದನ್ನು ಪ್ರಯೋಗದಿಂದ ತೋರಿಸಿಕೊಟ್ಟವರು. ಇದಕ್ಕಾಗಿ ಇಂಗ್ಲೆಂಡಿನ ಹೆನ್ರಿ ಡೇಲ್ ಅವರೊಡನೆ 1936ರ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಜನನ ಮತ್ತು ವಿದ್ಯಾಭ್ಯಾಸ

ಲೋವಿಯವರು ಫ್ರಾಂಕ್‌ಫರ್ಟ್ ನಗರದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಕಲೆಯ ಇತಿಹಾಸವನ್ನು ಓದಬೇಕೆಂಬುದು ಅವರ ಹಂಬಲವಾಗಿತ್ತು. ಮನೆಯವರ ಇಚ್ಛೆಗೆ ಮಣಿದು ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ವ್ಯಾಸಂಗ ಮಾಡಿ 1896ರಲ್ಲಿ ಪದವಿ ಪಡೆದರು. ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿದ್ದಾಗ ಕ್ಷಯ ಮತ್ತು ನ್ಯುಮೋನಿಯಾ ರೋಗಿಗಳು ಮದ್ದಿಲ್ಲದೆ ಸಾಯುವುದನ್ನು ಕಂಡು ಮನನೊಂದು, ಚಿಕಿತ್ಸಾವೃತ್ತಿಯನ್ನು ಬಿಟ್ಟು ಸಂಶೋಧನೆಗೆ ತೊಡಗಿದರು. ಮಾರ್ಬರ್ಗ್ ಮತ್ತು ವಿಯೆನ್ನಾಗಳಲ್ಲಿ ಹಾನ್ಸ್ ಹಾರ್ಸ್ಟ್ ಮೇಯರ್ ಅವರ ಬಳಿ ಕೆಲಸ ಮಾಡಿ, 1909ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಎರಡು ಹೃದಯಗಳ ಪ್ರಯೋಗ

ನರದ ಸಂದೇಶವು ಅಂಗಗಳಿಗೆ ವಿದ್ಯುತ್ತಾಗಿಯೇ ದಾಟುತ್ತದೆಂದು ಅಂದಿನ ಹಲವು ವಿಜ್ಞಾನಿಗಳು ನಂಬಿದ್ದರು. ರಾಸಾಯನಿಕದ ಪಾತ್ರವಿರಬಹುದೆಂಬ ಊಹೆ ಇದ್ದರೂ ಪುರಾವೆ ಇರಲಿಲ್ಲ. 1920ರ ಈಸ್ಟರ್ ಹಬ್ಬದ ಸಮಯದಲ್ಲಿ ಪ್ರಯೋಗದ ವಿಧಾನ ಕನಸಿನಲ್ಲಿ ಹೊಳೆಯಿತೆಂದು ಲೋವಿಯವರು ಮುಂದೆ ಹೇಳಿಕೊಂಡಿದ್ದಾರೆ. ನಿದ್ದೆಗಣ್ಣಿನಲ್ಲಿ ಗೀಚಿಟ್ಟ ಟಿಪ್ಪಣಿಯನ್ನು ಬೆಳಿಗ್ಗೆ ಓದಲಾಗಲಿಲ್ಲ. ಮರುರಾತ್ರಿ ಅದೇ ವಿಚಾರ ಮತ್ತೆ ಹೊಳೆದಾಗ ಅವರು ತಡಮಾಡದೆ ಪ್ರಯೋಗಾಲಯಕ್ಕೆ ನಡೆದರು.

ಎರಡು ಕಪ್ಪೆಗಳ ಹೃದಯಗಳನ್ನು ಬೇರೆಬೇರೆಯಾಗಿ ಲವಣದ್ರಾವಣದಲ್ಲಿ ಮಿಡಿಯುವಂತೆ ಇಡಲಾಯಿತು. ಮೊದಲನೆಯದರ ವೇಗಸ್ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ ಅದರ ಬಡಿತ ನಿಧಾನವಾಯಿತು. ಅದರೊಳಗಿನ ದ್ರಾವಣವನ್ನು ಎರಡನೆಯ ಹೃದಯಕ್ಕೆ ಹಾಕಿದಾಗ, ಯಾವ ನರವನ್ನೂ ಪ್ರಚೋದಿಸದಿದ್ದರೂ, ಅದೂ ನಿಧಾನವಾಯಿತು. ಬಡಿತವನ್ನು ಹೆಚ್ಚಿಸುವ ನರವನ್ನು ಪ್ರಚೋದಿಸಿ ಪಡೆದ ದ್ರಾವಣವು ಎರಡನೆಯ ಹೃದಯವನ್ನೂ ಚುರುಕುಗೊಳಿಸಿತು. ನರದ ತುದಿಯಿಂದ ಯಾವುದೋ ವಸ್ತು ಹೊರಬರುತ್ತಿದೆ ಎಂಬುದಕ್ಕೆ ಇದು ಸಾಕ್ಷಿಯಾಯಿತು.

ಈ ಫಲಿತಾಂಶ 1921ರಲ್ಲಿ ಪ್ರಕಟವಾಯಿತು. ಪ್ರಯೋಗವನ್ನು ಪುನರಾವರ್ತಿಸಲಾಗದ ಕೆಲವರು ಸಂದೇಹ ವ್ಯಕ್ತಪಡಿಸಿದರು. 1926ರ ಸ್ಟಾಕ್‌ಹೋಮ್ ಸಮ್ಮೇಳನದಲ್ಲಿ ಲೋವಿಯವರು ಅದನ್ನು ವಿದ್ವಾಂಸರ ಮುಂದೆ 18 ಬಾರಿ ಮಾಡಿ ತೋರಿಸಿದರು. ಬಡಿತವನ್ನು ತಗ್ಗಿಸುವ ಆ ವಸ್ತು ಅಸಿಟೈಲ್‌ಕೋಲಿನ್ ಎಂದು ಕ್ರಮೇಣ ಖಚಿತವಾಯಿತು. ಅದನ್ನು ಒಡೆಯುವ ಕಿಣ್ವವೊಂದು ದೇಹದಲ್ಲಿದೆ ಎಂಬುದನ್ನೂ ಅವರ ಪ್ರಯೋಗಾಲಯ ತೋರಿಸಿತು.

ಸೆರೆವಾಸ ಮತ್ತು ವಲಸೆ

1938ರ ಮಾರ್ಚ್‌ನಲ್ಲಿ ನಾಜಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡ ರಾತ್ರಿಯೇ ಲೋವಿಯವರನ್ನು ಬಂಧಿಸಲಾಯಿತು. ಕೊಲೆಯಾಗಬಹುದೆಂಬ ಭಯದ ನಡುವೆಯೂ, ತಮ್ಮ ಕೊನೆಯ ಸಂಶೋಧನೆ ತಮ್ಮೊಡನೆ ಅಳಿಯಬಾರದೆಂದು ಅದನ್ನು ಅಂಚೆಕಾರ್ಡಿನಲ್ಲಿ ಬರೆದು ಕಾವಲುಗಾರನ ಮೂಲಕ ವಿಜ್ಞಾನಪತ್ರಿಕೆಗೆ ಕಳುಹಿಸಿದರು. ಸುಮಾರು ಎರಡು ತಿಂಗಳ ಬಳಿಕ ಬಿಡುಗಡೆಯಾಯಿತು. ಆದರೆ ಸ್ವೀಡನ್ ಬ್ಯಾಂಕಿನಲ್ಲಿದ್ದ ನೊಬೆಲ್ ಹಣವನ್ನು ನಾಜಿಗಳ ವಶಕ್ಕೆ ಒಪ್ಪಿಸಿದ ಮೇಲಷ್ಟೇ ದೇಶ ಬಿಡಲು ಅನುಮತಿ ದೊರೆಯಿತು. ಪತ್ನಿ ಗೀಡಾ ಅವರು 1941ರವರೆಗೆ ಅವರನ್ನು ಸೇರಲಾಗಲಿಲ್ಲ. ಬ್ರಸೆಲ್ಸ್, ಆಕ್ಸ್‌ಫರ್ಡ್‌ಗಳ ನಂತರ ಲೋವಿಯವರು 1940ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯವನ್ನು ಸೇರಿದರು. 1946ರಲ್ಲಿ ಅಮೆರಿಕದ ಪ್ರಜೆಯಾದರು. ನ್ಯೂಯಾರ್ಕ್ ನಗರದಲ್ಲಿಯೇ ನಿಧನರಾದರು.

ಪರಂಪರೆ

ಲೋವಿಯವರ ಪ್ರಯೋಗದ ಎರಡನೆಯ ಹೃದಯವು ಒಂದು ಜೈವಿಕ ಸಂವೇದಕದ ಕೆಲಸವನ್ನೇ ಮಾಡಿತ್ತು. ಇದೇ ತತ್ತ್ವವು ಇಂದು ಕೋಶದ ಗಾತ್ರಕ್ಕೆ ಇಳಿದಿದೆ. 2010ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಕೇಂದ್ರದ ಸಂಶೋಧಕರು, ಅಸಿಟೈಲ್‌ಕೋಲಿನ್ ತಾಗಿದಾಗ ಹೊಳಪು ಬದಲಿಸುವಂತೆ ಮಾರ್ಪಡಿಸಿದ ಕೋಶಗಳನ್ನು ಇಲಿಯ ಮೆದುಳಿನಲ್ಲಿರಿಸಿ, ನರಕೋಶಗಳ ಸಂವಹನವನ್ನು ಗಮನಿಸಿದರು.

ರೈತರ ಬದುಕಿಗೂ ಈ ಸಂಶೋಧನೆಯ ಸಂಬಂಧವಿದೆ. ನರಗುಂದ, ರೋಣ, ಗಜೇಂದ್ರಗಡ ಭಾಗದಂತಹ ಹತ್ತಿ ಬೆಳೆಯುವ ಎರೆಸೀಮೆಗಳಲ್ಲಿ ಕೀಟನಾಶಕ ಸಿಂಪಡಣೆ ಸಾಮಾನ್ಯ. ಕ್ಲೋರ್‌ಪೈರಿಫಾಸ್‌ನಂತಹ ಆರ್ಗನೋಫಾಸ್ಫೇಟ್ ವಿಷಗಳು ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವನ್ನೇ ತಡೆಯುತ್ತವೆ. ಆಗ ಜೊಲ್ಲು, ಬೆವರು, ಉಸಿರಾಟದ ತೊಂದರೆ ಕಾಣಿಸಿಕೊಳ್ಳುತ್ತವೆ. ವೈದ್ಯರು ಕೊಡುವ ಅಟ್ರೋಪಿನ್ ಚುಚ್ಚುಮದ್ದು ಅಸಿಟೈಲ್‌ಕೋಲಿನ್‌ನ ಈ ಪರಿಣಾಮಗಳನ್ನು ತಡೆದು ಜೀವ ಉಳಿಸುತ್ತದೆ. ಅದೇ ಕಿಣ್ವವನ್ನು ಬಳಸಿದ ಸಂವೇದಕಗಳು ನೀರು ಮತ್ತು ಆಹಾರದಲ್ಲಿ ಉಳಿದ ಕೀಟನಾಶಕದ ಅಂಶವನ್ನು ಪತ್ತೆಹಚ್ಚಲು ನೆರವಾಗುತ್ತವೆ.