ಅಹಮದಾಬಾದಿಗೆ ಒಳಚರಂಡಿ ಹಾಕಿಸಿದ ರಣಛೋಡಲಾಲರು

ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ಹೊಟ್ಟೆಪಾಡಿಗಾಗಿ ನೆಲೆಸಿರುವ ನಮ್ಮ ಜನರಿಗೆ ಇಲ್ಲಿಯ ಮಳೆಗಾಲದ ಪರಿಚಯ ಚೆನ್ನಾಗಿಯೇ ಇದೆ. ನಮ್ಮ ಕರಾವಳಿಯಲ್ಲಿ ತಿಂಗಳುಗಟ್ಟಲೆ ಎಡೆಬಿಡದೆ ಸುರಿದ ನೀರು ತೋಡು ಹಿಡಿದು ಹೊಳೆಗೆ, ಹೊಳೆಯಿಂದ ಕಡಲಿಗೆ ಹೋಗಿಬಿಡುತ್ತದೆ. ಇಲ್ಲಿ ಮಳೆ ಬರುವುದೇ ಕೆಲವು ದಿನ. ಆದರೆ ಬಂದ ದಿನ ಎರಡು ಮೂರು ತಾಸುಗಳಲ್ಲಿ ಬೀದಿಯೇ ಕೆರೆಯಾಗುತ್ತದೆ. ಅಷ್ಟೇ ಅಲ್ಲ, ನಡುರಸ್ತೆ ಇದ್ದಕ್ಕಿದ್ದಂತೆ ಕುಸಿದು ಬಾವಿಯಂಥ ಗುಂಡಿ ಬಾಯಿ ತೆರೆಯುವುದೂ ಉಂಟು. ಗುಜರಾತಿಗಳು ಇದನ್ನು ‘ಭೂವೋ’ ಎನ್ನುತ್ತಾರೆ. ನೆಲದಡಿಯ ಹಳೆಯ ನಾಳ ಎಲ್ಲಿಯೋ ಬಿರುಕು ಬಿಟ್ಟಿರುತ್ತದೆ. ಮಳೆಯ ನೀರು ಸುತ್ತಲಿನ ಮಣ್ಣನ್ನು ಆ ಬಿರುಕಿನೊಳಕ್ಕೆ ಸೆಳೆದೊಯ್ಯುತ್ತದೆ. ಮೇಲೆ ಡಾಂಬರು ಮಾತ್ರ ಉಳಿದು ಒಳಗೆಲ್ಲ ಟೊಳ್ಳಾಗುತ್ತದೆ. ಬೆಳಗಿನ ಜಾವ ಇಡ್ಲಿಯ ಒಲೆ ಹಚ್ಚಲು ಕತ್ತಲೆಯಲ್ಲಿ ಸೈಕಲ್ಲು ತುಳಿಯುತ್ತ ಹೋಗುವ ಹುಡುಗರಿಗೆ ಇದು ತಮಾಷೆಯ ವಿಷಯವಲ್ಲ.

ಈ ನೆಲದಡಿಯ ನಾಳಗಳನ್ನು ಅಹಮದಾಬಾದಿಗೆ ಮೊದಲು ತಂದವರು ಯಾರೆಂದು ಕೇಳಿದರೆ ಈ ಊರಿನವರೇ ಅನೇಕರು ತಬ್ಬಿಬ್ಬಾಗುತ್ತಾರೆ. ಗಿರಣಿಯನ್ನು ಮೊದಲು ತಂದವರು ಯಾರೆಂದರೆ ಮಾತ್ರ ರಾವ್ ಬಹಾದ್ದೂರ್ ರಣಛೋಡಲಾಲ ಛೋಟಾಲಾಲರ ಹೆಸರು ಥಟ್ಟನೆ ಬಾಯಿಗೆ ಬರುತ್ತದೆ. ಎರಡೂ ಕೆಲಸ ಒಬ್ಬರದೇ. ಒಂದು ಚಿಮಣಿಯಾಗಿ ಆಕಾಶಕ್ಕೆ ಎದ್ದಿತು, ಇನ್ನೊಂದು ಮಣ್ಣಿನೊಳಗೆ ಹೂತುಹೋಯಿತು. ಆದುದರಿಂದ ಜನ ಮೊದಲಿನದನ್ನು ನೆನಪಿಟ್ಟರು.

ರಣಛೋಡಲಾಲರು 1823ರಲ್ಲಿ ಅಹಮದಾಬಾದಿನ ಸಾಠೋದರಾ ನಾಗರ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದರು. ನಾಗರರೆಂದರೆ ಲೇಖನಿಯ ಜನ. ವ್ಯಾಪಾರಕ್ಕಿಂತ ದಫ್ತರವೇ ಅವರಿಗೆ ಪ್ರಿಯ. ಇವರೂ ಮೊದಲು ಸರಕಾರದ ಸುಂಕದ ಖಾತೆಯಲ್ಲಿ ಗುಮಾಸ್ತರಾದರು. ಅಲ್ಲಿಂದ ಮೇಲೇರುತ್ತ ಗೋಧ್ರಾದ ಕಡೆಗೆ ಹೋಗಿ, ಪಂಚಮಹಲ ಸೀಮೆಯ ಇಂಗ್ಲಿಷ್ ಅಧಿಕಾರಿಗಳ ಕೈಕೆಳಗೆ ದೊಡ್ಡ ಹುದ್ದೆಗೆ ಬಂದರು. ಮೂವತ್ತು ವಯಸ್ಸಿನ ಆಸುಪಾಸಿನಲ್ಲಿ ಲಂಚದ ಆರೋಪ ಬಂದು ಆ ನೌಕರಿ ಹೋಯಿತು. ಆ ಆರೋಪದ ನಿಜಸುಳ್ಳುಗಳ ತೀರ್ಮಾನ ನಮ್ಮ ಕೆಲಸವಲ್ಲ. ಮುಂದೆ ಅದೇ ಸರಕಾರವು ಅವರಿಗೆ ರಾವ್ ಬಹಾದ್ದೂರ್ ಪದವಿಯನ್ನೂ ಸಿ.ಐ.ಇ. ಬಿರುದನ್ನೂ ಕೊಟ್ಟು, ಮುಂಬಯಿ ಶಾಸನಸಭೆಯಲ್ಲಿ ಕುಳ್ಳಿರಿಸಿತೆಂಬುದನ್ನು ಮಾತ್ರ ಹೇಳಬಹುದು. ಗುಮಾಸ್ತಿಕೆಯಲ್ಲಿ ಇರುವ ವಾಚಕರಿಗೆ, ಸರಕಾರಿ ಕೆಲಸ ಕಳೆದುಕೊಂಡು ತಲೆ ತಗ್ಗಿಸಿ ಊರಿಗೆ ಮರಳುವವನ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ.

ನೌಕರಿಯಲ್ಲಿ ಇದ್ದಾಗಲೇ ಅವರ ತಲೆಯಲ್ಲಿ ಗಿರಣಿಯ ಹುಚ್ಚು ಹೊಕ್ಕಿತ್ತು. ಗುಜರಾತಿನ ಹತ್ತಿ ಇಂಗ್ಲೆಂಡಿಗೆ ಹೋಗಿ ನೂಲಾಗಿ ತಿರುಗಿ ಬರುವುದನ್ನು ಕಂಡು, ಇಲ್ಲಿಯೇ ಏಕೆ ನೂಲಬಾರದೆಂದು ಯೋಚಿಸಿದರು. ಅಹಮದಾಬಾದಿನ ಸಾಹುಕಾರರು ಬಡ್ಡಿಗೆ ಹಣ ಕೊಡಬಲ್ಲರು, ಕಾಣದ ಯಂತ್ರಕ್ಕೆ ಕೊಡಲಾರರು. ಹತ್ತು ವರ್ಷ ಹೀಗೆಯೇ ಕಳೆಯಿತು. ಕೊನೆಗೆ ಲಕ್ಷ ರೂಪಾಯಿಯ ಕಂಪನಿ ಆಯಿತು. ಆಗ ಇಂಗ್ಲೆಂಡಿನಲ್ಲಿದ್ದ ದಾದಾಭಾಯಿ ನವರೋಜಿಯವರ ಸಹಾಯದಿಂದ ಯಂತ್ರಗಳಿಗೆ ಬೇಡಿಕೆ ಹೋಯಿತು. ಮೊದಲು ಹೊರಟ ಯಂತ್ರಗಳು ಹಡಗಿನೊಡನೆ ದಾರಿಯಲ್ಲೇ ನಾಶವಾದುವು. ಎರಡನೆಯ ಸಲ ಬಂದವು ಖಂಭಾತದ ಬಂದರಿನಲ್ಲಿ ಇಳಿದು, ಆಗಿನ್ನೂ ರೈಲು ಬಂದಿಲ್ಲವಾದುದರಿಂದ, ಎತ್ತಿನ ಗಾಡಿಗಳಲ್ಲಿ ಊರು ಸೇರಿದುವು. ಅವನ್ನು ಜೋಡಿಸಲು ಬಂದಿದ್ದ ಇಂಗ್ಲಿಷ್ ಇಂಜಿನಿಯರನು ಕಾಲರಾ ತಗಲಿ ತೀರಿಕೊಂಡನು. ಇಷ್ಟೆಲ್ಲ ದಾಟಿ 1861ರ ಮೇ 30ರಂದು ಎರಡು ಸಾವಿರದ ಐನೂರು ಕದಿರುಗಳ ಆ ಗಿರಣಿ ತಿರುಗಿತು. ಮುಂದಿನದು ಎಲ್ಲರೂ ಬಲ್ಲ ಕಥೆ. ಅದರ ಹಿಂದೆ ಗಿರಣಿಗಳ ಸಾಲೇ ಎದ್ದು, ಊರಿಗೆ ಪೂರ್ವದ ಮ್ಯಾಂಚೆಸ್ಟರ್ ಎಂದು ಹೆಸರಾಯಿತು. ಆ ಗಿರಣಿಗಳಲ್ಲಿ ಬಹುಪಾಲು ಈಗ ಮುಚ್ಚಿಹೋಗಿವೆ.

ಕಾಲರಾದ ಮಾತು ಬಂತು. ಆಗಿನ ಅಹಮದಾಬಾದು ಹೇಗಿತ್ತೆಂಬುದನ್ನು ಸ್ವಲ್ಪ ನಿಂತು ನೋಡಬೇಕು. 1411ರಲ್ಲಿ ಅಹಮದ ಶಹನು ಸ್ಥಾಪಿಸಿದ ಊರು, ಸುತ್ತಲೂ ಕೋಟೆ, ಒಳಗೆ ಒಂದಕ್ಕೊಂದು ಗೋಡೆ ತಗಲಿಸಿ ಕಟ್ಟಿದ ಪೋಳಗಳು. ದೊಡ್ಡ ಮನೆಗಳಲ್ಲಿ ಅಂಗಳದಡಿ ‘ಟಾಂಕಾ’ ಎಂಬ ತೊಟ್ಟಿ ಕಟ್ಟಿ ವರ್ಷಕ್ಕಾಗುವಷ್ಟು ಮಳೆನೀರನ್ನು ಹಿಡಿದಿಡುತ್ತಿದ್ದರು. ಇದು ಬುದ್ಧಿವಂತಿಕೆಯ ಏರ್ಪಾಟೇ ಸರಿ. ಆದರೆ ಬಳಸಿದ ನೀರಿಗೆ ದಾರಿ ಬೇಕಲ್ಲ? ಅದಕ್ಕೆ ಅದೇ ಮನೆಯ ಮಗ್ಗುಲಲ್ಲಿ ‘ಖಾಳಕೂವಾ’ ಎಂಬ ಇಂಗುಗುಂಡಿ. ತಲೆಮಾರುಗಳ ಕಾಲ ಕೊಳಕು ನೀರು ಇಂಗಿ ಇಂಗಿ, ಊರಿನ ನೆಲವೇ ನೆನೆದ ಸ್ಪಂಜಿನಂತಾಗಿತ್ತು. ಪಕ್ಕದ ಬಾವಿಗೆ ಅದೇ ನೀರು ಜಿನುಗುತ್ತಿತ್ತು. ಶೌಚಗಳನ್ನು ತಲೆಯ ಮೇಲೆ ಹೊತ್ತು ತೆಗೆಯುವ ಕೆಲಸವನ್ನು ಒಂದೇ ಜಾತಿಯವರ ಮೇಲೆ ಹೊರಿಸಿದ್ದರು. ಮಳೆ ಬಂದರೆ ಗುಂಡಿಗಳು ಉಕ್ಕಿ ಓಣಿಗೆ ಹರಿಯುತ್ತಿದ್ದುವು. 1875ರಲ್ಲಿ ಸಾಬರಮತಿಯೇ ಉಕ್ಕಿ, ಕಟ್ಟಿ ಕೆಲವೇ ವರ್ಷಗಳಾಗಿದ್ದ ಎಲ್ಲಿಸ್ ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. ಹೊಳೆಯ ನೆರೆಯನ್ನು ಎಲ್ಲರೂ ಕಂಡರು. ಮನೆಮನೆಯ ಅಡಿಯ ನೆರೆ ಕಣ್ಣಿಗೆ ಬೀಳಲಿಲ್ಲ. ಆದರೆ ವರ್ಷವರ್ಷವೂ ಸಾಯುವವರ ಸಂಖ್ಯೆಯಲ್ಲಿ ಅಹಮದಾಬಾದು ಮುಂಬಯಿ ಇಲಾಖೆಯ ಅತ್ಯಂತ ಅನಾರೋಗ್ಯದ ಊರುಗಳ ಸಾಲಿನಲ್ಲಿ ನಿಂತಿತ್ತು.

ಗಿರಣಿಯಿಂದ ಶ್ರೀಮಂತರಾದ ರಣಛೋಡಲಾಲರು ಮ್ಯುನಿಸಿಪಾಲಿಟಿಗೆ ಬಂದುದು ಇಂಥ ಕಾಲದಲ್ಲಿ. 1883ರಲ್ಲಿ ಕಾರ್ಯಕಾರಿ ಸಮಿತಿಯ ಮುಖ್ಯಸ್ಥರಾದರು, 1885ರಲ್ಲಿ ಅಧ್ಯಕ್ಷರಾದರು. ಅಲ್ಲಿಯವರೆಗೆ ಆ ಪೀಠ ಇಂಗ್ಲಿಷ್ ಅಧಿಕಾರಿಗಳದು. ಭಾರತೀಯರಲ್ಲಿ ಇವರೇ ಮೊದಲಿಗರು. ಅರವತ್ತು ದಾಟಿದ ಧನಿಕನು ಪೀಠದ ಮೇಲೆ ಕುಳಿತು ಹಾರ ಹಾಕಿಸಿಕೊಂಡು ಕಾಲ ಕಳೆಯಬಹುದಾಗಿತ್ತು. ಇವರು ಎರಡು ಯೋಜನೆಗಳನ್ನು ಹಿಡಿದುಕೊಂಡರು. ಒಂದು, ಸಾಬರಮತಿಯ ಪಾತ್ರದಲ್ಲಿ ಬಾವಿ ಇಳಿಸಿ, ದೂಧೇಶ್ವರದಲ್ಲಿ ಪಂಪು ನಿಲ್ಲಿಸಿ ಊರಿಗೆಲ್ಲ ಕೊಳಾಯಿ ನೀರು. ಎರಡು, ಬಂದ ನೀರು ಹೊರಗೆ ಹೋಗಲು ನೆಲದಡಿಯ ಚರಂಡಿ. ಎರಡನ್ನೂ ಜೊತೆಯಾಗಿ ನೋಡಿದುದೇ ಅವರ ಹೆಚ್ಚುಗಾರಿಕೆ. ಕೊಳಾಯಿ ಮಾತ್ರ ತಂದು ಚರಂಡಿ ಬಿಟ್ಟಿದ್ದರೆ ಖಾಳಕೂವಾಗಳು ಇಮ್ಮಡಿ ಉಕ್ಕಿ ಊರು ಇನ್ನಷ್ಟು ಕೆಡುತ್ತಿತ್ತು. ಹೋಟೆಲು ನಡೆಸಿದವರಿಗೆ ಈ ಲೆಕ್ಕ ಬೇಗ ಹೊಳೆಯುತ್ತದೆ. ಅಡಿಗೆಮನೆಗೆ ಎರಡನೆಯ ನಲ್ಲಿ ಹಾಕಿಸುವುದು ಸುಲಭ, ತೊಳೆದ ನೀರು, ಅನ್ನದ ಗಂಜಿ, ಎಣ್ಣೆಯ ಜಿಡ್ಡು ಇವನ್ನು ಹೊರಗೆ ಕಳಿಸುವುದರಲ್ಲಿದೆ ಕಷ್ಟವೆಲ್ಲ.

ವಿರೋಧವೋ ವಿರೋಧ! ಕೊಳಾಯಿಯ ನಲ್ಲಿಯಲ್ಲಿ ಚರ್ಮದ ಬಿಲ್ಲೆ ಇರುತ್ತದೆ, ಅದನ್ನು ಮುಟ್ಟಿ ಬಂದ ನೀರನ್ನು ಕುಡಿದರೆ ಜಾತಿ ಕೆಡುತ್ತದೆಂದು ಕೆಲವರು. ಚರಂಡಿಗೆ ಓಣಿ ಅಗೆದರೆ ಹಳೆಯ ಮನೆಗಳ ಗೋಡೆ ಕುಸಿಯುತ್ತದೆಂದು ಕೆಲವರು. ಸಪಾಟು ನೆಲದ ಈ ಊರಿನಲ್ಲಿ ಕೊಳಕು ನೀರು ಹರಿಯುವುದಾದರೂ ಹೇಗೆ, ನಡುವೆಯೇ ಕಟ್ಟಿಕೊಂಡು ನಾರದೆ ಇರುತ್ತದೆಯೇ ಎಂದು ಮತ್ತೆ ಕೆಲವರು. ಇವೆಲ್ಲದರ ಅಡಿಯಲ್ಲಿದ್ದ ನಿಜವಾದ ಮಾತು ತೆರಿಗೆಯದು. ಆಗ ಮತ ಹಾಕುವ ಹಕ್ಕು ತೆರಿಗೆ ಕೊಡುವ ಅನುಕೂಲಸ್ಥರಿಗೆ ಮಾತ್ರ. ಸ್ವಂತ ಟಾಂಕಾ ಇರುವ ಆ ಮಹನೀಯರಿಗೆ ಕೊಳಾಯಿಯ ಅವಸರ ಇರಲಿಲ್ಲ. ಕಾಲರಾದಿಂದ ಸಾಯುವ ಬಡವನಿಗೆ ಮತವಿರಲಿಲ್ಲ.

ರಣಛೋಡಲಾಲರು ಪರಧರ್ಮೀಯರೋ, ಆಚಾರ ಬಿಟ್ಟ ಸುಧಾರಕರೋ ಆಗಿದ್ದರೆ ಅವರನ್ನು ಮೂಲೆಗೆ ತಳ್ಳುವುದು ಸುಲಭವಾಗುತ್ತಿತ್ತು. ಆದರೆ ಅವರು ಸ್ವತಃ ನಿಷ್ಠಾವಂತ ಬ್ರಾಹ್ಮಣರು. ಪೂಜೆ ಆಚಾರಗಳಲ್ಲಿ ವಿರೋಧಿಗಳಿಗಿಂತ ಒಂದು ಕೈ ಮೇಲು. ಮಡಿಯ ಹೆಸರಿನಲ್ಲಿ ಬಂದ ವಾದವು ಅವರ ಎದುರಿಗೆ ನಿಲ್ಲಲಿಲ್ಲ. ಇಂಜಿನಿಯರರ ಸಂದೇಹಕ್ಕೆ ಉತ್ತರ ಕೆಲಸದಲ್ಲಿಯೇ ಇತ್ತು. ನೆಲದಡಿಯ ನಾಳಕ್ಕೆ ಒಂದು ಹದವಾದ ಇಳಿಜಾರು ಬೇಕು. ತೀರ ಕಡಮೆಯಾದರೆ ಮರಳೂ ಮಲವೂ ತಳದಲ್ಲಿ ಕೂರುತ್ತವೆ, ನೀರು ತನ್ನ ಓಟದಿಂದಲೇ ತಳವನ್ನು ತೊಳೆದುಕೊಂಡು ಹೋಗುವಂತಿರಬೇಕು. ಸಪಾಟು ಊರಿನಲ್ಲಿ ನಾಳವು ದೂರ ಹೋದಷ್ಟೂ ಆಳಕ್ಕೆ ಇಳಿಯುತ್ತದೆ; ಕೊನೆಯಲ್ಲಿ ಪಂಪಿನಿಂದ ಎತ್ತಿ ಊರ ಹೊರಗಿನ ಹೊಲಗಳಿಗೆ ಬಿಡಬೇಕು. ಮೊದಲು ಊರಿನ ಒಂದು ಭಾಗದಲ್ಲಿ ಮಾಡಿ ತೋರಿಸೋಣ, ಆಮೇಲೆ ಉಳಿದದ್ದು ಎಂಬ ನೀತಿಯಿಂದ 1890ರ ಸುಮಾರಿಗೆ ಚರಂಡಿಯ ಕೆಲಸ ಆರಂಭವಾಯಿತು. ದೂಧೇಶ್ವರದ ನೀರಿನ ಕೆಲಸವೂ ಆಗಲೇ ಮುಗಿಯಿತು. ಇಂಗ್ಲೆಂಡಿನಲ್ಲಿ ವೃದ್ಧಾಪ್ಯದಲ್ಲಿದ್ದ ಫ್ಲಾರೆನ್ಸ್ ನೈಟಿಂಗೇಲ್ ಮಹಿಳೆಯು ಭಾರತದ ಊರುಗಳ ನೈರ್ಮಲ್ಯದ ಬಗ್ಗೆ ಬಹುವಾಗಿ ಚಿಂತಿಸುತ್ತಿದ್ದವಳು. ಅಹಮದಾಬಾದಿನ ಈ ಮುದುಕರ ಪ್ರಯತ್ನವನ್ನು ಕೇಳಿ ಅವರೊಡನೆ ಪತ್ರವ್ಯವಹಾರ ನಡೆಸಿ ಹುರಿದುಂಬಿಸಿದಳು.

ಅವರನ್ನು ದೇವರನ್ನಾಗಿ ಮಾಡಬೇಕಾಗಿಲ್ಲ. 1891ರಲ್ಲಿ ಗಿರಣಿ ಮಾಲೀಕರ ಸಂಘವಾದಾಗ ಅವರೇ ಅದರ ಮೊದಲ ಅಧ್ಯಕ್ಷರು. ಆಗಿನ ಗಿರಣಿಗಳಲ್ಲಿ ಸೂರ್ಯ ಮೂಡಿದಾಗ ಒಳಹೊಕ್ಕ ಕೂಲಿ ಸೂರ್ಯ ಮುಳುಗಿದ ಮೇಲೆ ಹೊರಬರುತ್ತಿದ್ದನು. ಚರಂಡಿಯು ಮೊದಲು ಬಂದುದು ಕೋಟೆಯ ಒಳಗಿನವರಿಗೆ; ಕೋಟೆಯ ಹೊರಗೆ ಗಿರಣಿಗಳ ಮಗ್ಗುಲಲ್ಲಿ ಬೆಳೆದ ಚಾಳುಗಳು ಬಹಳ ವರ್ಷ ಕೆಸರಿನಲ್ಲಿಯೇ ಉಳಿದುವು. ಇಷ್ಟನ್ನು ಹೇಳಿದ ಮೇಲೂ, ತನ್ನ ವರ್ಗದ ಮತದಾರರ ಸಿಟ್ಟನ್ನು ತಾನೇ ತಲೆಯ ಮೇಲೆ ಎಳೆದುಕೊಂಡು, ಉದ್ಘಾಟನೆಯ ಮರುದಿನದಿಂದ ಯಾರ ಕಣ್ಣಿಗೂ ಬೀಳದ ಕೆಲಸಕ್ಕಾಗಿ ಕಾದಾಡಿದ ಶ್ರೀಮಂತರು ಆಗಲೂ ಅಪರೂಪ, ಈಗಲೂ ಅಪರೂಪ. ಧರ್ಮಶಾಲೆಗೆ ಹಣ ಕೊಟ್ಟರೆ ಬಾಗಿಲ ಮೇಲೆ ಹೆಸರು ಕೆತ್ತುತ್ತಾರೆ. ಮೋರಿಯ ಮೇಲೆ ಯಾರು ಕೆತ್ತಿಯಾರು?

1898ರ ಅಕ್ಟೋಬರಿನಲ್ಲಿ ರಣಛೋಡಲಾಲರು ತೀರಿಕೊಂಡರು. ಆಗ ಒಳಚರಂಡಿಯು ಊರಿನ ಒಂದು ಭಾಗಕ್ಕೆ ಮಾತ್ರ ಬಂದಿತ್ತು. ಮಗ ಮಾಧವಲಾಲರೂ ಬೇಗನೆ ಹೋದರು. ಮೊಮ್ಮಗ ಚಿನುಭಾಯಿಯವರು ದಾನಧರ್ಮಗಳಿಂದ ಹೆಸರಾಗಿ 1913ರಲ್ಲಿ ಬ್ಯಾರೊನೆಟ್ ಪದವಿ ಪಡೆದರು.

ಅದೇ ಕಾಲದ ಗುಜರಾತಿನಲ್ಲಿ ನೀರಿನ ಕೆಲಸ ಮಾಡಿದವರು ಇನ್ನೂ ಇದ್ದರು. ವಡೋದರಾದಲ್ಲಿ ಸಯಾಜಿರಾವ್ ಮಹಾರಾಜರು ಆಜವಾದ ಕೆರೆಯನ್ನು ಕಟ್ಟಿಸಿ 1892ರ ಹೊತ್ತಿಗೆ ಊರಿಗೆ ನೀರು ತಂದರು. ಸೂರತ್ತಿನ ನೀರು ಸರಬರಾಜನ್ನು ಸರಿಪಡಿಸುವ ಕೆಲಸ 1890ರ ದಶಕದಲ್ಲಿ ನಮ್ಮವರೇ ಆದ, ಆಗಿನ್ನೂ ಹೆಸರಾಗದಿದ್ದ ತರುಣ ಇಂಜಿನಿಯರ್ ಎಂ. ವಿಶ್ವೇಶ್ವರಯ್ಯನವರ ಪಾಲಿಗೆ ಬಂದಿತ್ತೆಂಬುದನ್ನು ಕನ್ನಡಿಗರು ಸಂತೋಷದಿಂದ ನೆನೆಯಬಹುದು. ಆದರೆ ಸಯಾಜಿರಾಯರಿಗೆ ಅರಸೊತ್ತಿಗೆಯ ಬಲವಿತ್ತು, ವಿಶ್ವೇಶ್ವರಯ್ಯನವರ ಹಿಂದೆ ಇಲಾಖೆಯಿತ್ತು. ಸಭೆಯಲ್ಲಿ ಕೈಗಳನ್ನು ಎಣಿಸಿ ಚರಂಡಿ ತೋಡಿಸಬೇಕಾಗಿದ್ದುದು ರಣಛೋಡಲಾಲರು.

ಅವರ ಪೀಠಕ್ಕೆ 1924ರಲ್ಲಿ ಬಂದವರು ವಲ್ಲಭಭಾಯಿ ಪಟೇಲರು. 1927ರ ಜುಲೈಯಲ್ಲಿ ಗುಜರಾತನ್ನೆಲ್ಲ ಮುಳುಗಿಸಿದ ಮಹಾಮಳೆ ಬಂದಾಗ ಅಧ್ಯಕ್ಷರು ಮನೆಯಲ್ಲಿ ಮಲಗಿರಲಾರದೆ ನಡುರಾತ್ರಿ ಮಳೆಯಲ್ಲಿ ಹೊರಬಿದ್ದರು. ಮ್ಯುನಿಸಿಪಾಲಿಟಿಯ ಇಂಜಿನಿಯರರನ್ನು ಮನೆಗೇ ಹೋಗಿ ಎಬ್ಬಿಸಿ, ನೀರು ಎಲ್ಲಿ ಕಟ್ಟಿನಿಂತಿದೆಯೆಂದು ಹುಡುಕಿ, ಮೋರಿಗಳನ್ನು ಒಡೆಸಿ ನೀರಿಗೆ ದಾರಿ ಬಿಡಿಸಿದರು. ಬಾರ್ಡೋಲಿಯ ಸರದಾರರಾದುದು ಅದರ ಮರುವರ್ಷ.

ಸೂರತ್ತಿನಲ್ಲಿ 1994ರಲ್ಲಿ ನೆರೆಯ ಬೆನ್ನಿಗೆ ಪ್ಲೇಗಿನ ಹಾವಳಿ ಎದ್ದು ಜನ ಲಕ್ಷಗಟ್ಟಲೆ ಊರು ಬಿಟ್ಟುದನ್ನು, ವಿಶ್ವಾಮಿತ್ರಿ ಹೊಳೆ 2024ರ ಆಗಸ್ಟಿನಲ್ಲಿ ವಡೋದರಾದ ಮನೆಗಳನ್ನು ಹೊಕ್ಕುದನ್ನು ನಮ್ಮವರು ಕಣ್ಣಾರೆ ಕಂಡಿದ್ದಾರೆ. ವಡೋದರಾದಲ್ಲಿ ಮಳೆನೀರನ್ನು ಹೊಳೆಗೆ ಒಯ್ಯುವ ಹಳೆಯ ಹಳ್ಳಗಳಿಗೆ ‘ಕಾಂಸ’ ಎನ್ನುತ್ತಾರೆ. ಅವುಗಳ ಮೇಲೆ ಚಪ್ಪಡಿ ಮುಚ್ಚಿ ರಸ್ತೆಯೂ ಕಟ್ಟಡವೂ ಎದ್ದಲ್ಲಿ, ಒಳಗೆ ಹೂಳು ತುಂಬಿದುದು ಮಳೆ ಬಂದ ಮೇಲೆಯೇ ತಿಳಿಯುವುದು. ಈಗ ಹಳೆಯ ನಾಳದೊಳಗೆ ಕ್ಯಾಮೆರಾ ಇಳಿಸಿ ಬಿರುಕನ್ನು ಹುಡುಕುವ, ರಸ್ತೆ ಅಗೆಯದೆಯೇ ಒಳಗಿನಿಂದ ಹೊಸ ಪದರವನ್ನು ಹೊದಿಸುವ ಉಪಾಯಗಳು ಬಂದಿವೆ. ಮಲಹೊರುವ ಪದ್ಧತಿಯನ್ನೂ, ರಕ್ಷಣೆಯಿಲ್ಲದೆ ಮನುಷ್ಯನನ್ನು ಗಟಾರದೊಳಗೆ ಇಳಿಸುವುದನ್ನೂ 2013ರ ಕಾನೂನು ನಿಷೇಧಿಸಿದೆ. ಆದರೂ ಹೋಟೆಲಿನ ಹಿತ್ತಲ ಗಟಾರ ಕಟ್ಟಿಕೊಂಡಾಗ ಇನ್ನೂರೋ ಮುನ್ನೂರೋ ರೂಪಾಯಿ ಕೊಟ್ಟು ಯಾವನನ್ನೋ ಇಳಿಸುವ ಮಾಲೀಕರು ನಮ್ಮಲ್ಲಿಯೂ ಇದ್ದಾರೆ. ನಾಳದೊಳಗಿನ ವಿಷವಾಯು ಎರಡು ಉಸಿರಿನಲ್ಲಿ ಆಳನ್ನು ಕೆಡಹುತ್ತದೆ. ಅವನನ್ನು ಎತ್ತಲು ಇಳಿದವನೂ ಮೇಲೆ ಬರುವುದಿಲ್ಲ. ಮ್ಯುನಿಸಿಪಾಲಿಟಿಗೆ ಬರೆದುಕೊಟ್ಟರೆ ಯಂತ್ರದ ಗಾಡಿ ಬರುತ್ತದೆ. ಒಂದೆರಡು ದಿನ ತಡವಾದೀತು, ಅಷ್ಟೆ.