ವೈದ್ಯೆ ಮಾರ್ಜರಿ ವಾರೆನ್ ಅಮ್ಮನವರ ಚರಿತ್ರೆ

ಯೆರೂಸಲೇಮಿನ ಕೊಳದ ಬಳಿಯಲ್ಲಿ 38 ವರುಷ ರೋಗಿಯಾಗಿ ಬಿದ್ದುಕೊಂಡಿದ್ದ ಮನುಷ್ಯನ ಸಂಗತಿಯನ್ನು ನಮ್ಮ ಸಭೆಯವರೆಲ್ಲರೂ ಬಲ್ಲರು. ಅವನನ್ನು ನೀರಿಗಿಳಿಸುವದಕ್ಕೆ ಒಬ್ಬನೂ ಇರಲಿಲ್ಲವಷ್ಟೆ. ಅಂಥವರೇ ನೂರಾರು ಮಂದಿ ಲಂಡನ್ ಪಟ್ಟಣದ ಸಮೀಪದಲ್ಲಿ ಬಿದ್ದಿರುವದನ್ನು ಕಂಡು, ಅವರನ್ನು ಎಬ್ಬಿಸಿ ನಿಲ್ಲಿಸುವದಕ್ಕೆ ತಮ್ಮ ಆಯುಷ್ಯವನ್ನು ಸವೆಸಿದ ಒಬ್ಬ ವೈದ್ಯೆಯ ಚರಿತ್ರೆಯನ್ನು ಈ ತಿಂಗಳು ಪ್ರಿಯ ವಾಚಕರ ಮುಂದೆ ಇಡುತ್ತೇವೆ.

ಮಾರ್ಜರಿ ವಾರೆನ್ ಅಮ್ಮನವರು 1897ನೆಯ ಇಸವಿಯಲ್ಲಿ ಲಂಡನಿನಲ್ಲಿ ಹುಟ್ಟಿದರು. ಐದು ಮಂದಿ ಹೆಣ್ಣುಮಕ್ಕಳಲ್ಲಿ ಇವರೇ ಹಿರಿಯರು. ಸ್ತ್ರೀಯರಿಗೋಸ್ಕರ ಅಲ್ಲಿ ಏರ್ಪಟ್ಟಿದ್ದ ವೈದ್ಯ ವಿದ್ಯಾಲಯದಲ್ಲಿ ಕಲಿತು, 1923ರಲ್ಲಿ ತೇರ್ಗಡೆಯಾಗಿ, 1926ರಲ್ಲಿ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯನ್ನು ಸೇರಿದರು. ಅವರ ಮನಸ್ಸು ಶಸ್ತ್ರವೈದ್ಯದ ಕಡೆಗಿತ್ತು. ಮುದುಕರ ಸೇವೆಯು ಅವರು ಹುಡುಕಿಕೊಂಡು ಹೋದದ್ದಲ್ಲ. 1935ರಲ್ಲಿ ನೆರೆಯ ಬಡವರ ಆಶ್ರಯಶಾಲೆಯ ರೋಗಿಗಳು ಆ ಆಸ್ಪತ್ರೆಯ ವಶಕ್ಕೆ ಬಂದಾಗ ಆ ಭಾರವು ಅವರ ಮೇಲೆ ಬಿತ್ತು.

ಆಶ್ರಯಶಾಲೆಯೆಂಬುದು ಹೆಸರಿಗೆ ಮಾತ್ರ ಆಶ್ರಯ. ದುಡಿಯಲಾರದ ದರಿದ್ರರನ್ನು ಊರಿನ ತೆರಿಗೆಯ ಹಣದಿಂದ ಅಲ್ಲಿ ಸಾಕುತ್ತಿದ್ದರು. ಅಲ್ಲಿ ಸಾಯುವದನ್ನು ಬಡವರು ಅವಮಾನವೆಂದು ಎಣಿಸುತ್ತಿದ್ದರು. ವಾರೆನ್ ಅಮ್ಮನವರು ಹೋಗಿ ನೋಡಿದಾಗ 714 ಮಂದಿ ರೋಗಿಗಳಿದ್ದರು. ಪಕ್ಷವಾತದವರು, ಬುದ್ಧಿ ಮಂಕಾದವರು, ಬರೀ ಮುಪ್ಪಿನಿಂದ ಸೋತವರು, ಎಲ್ಲರೂ ಒಂದೇ ಕಡೆ ಬೆರೆತು ಮಲಗಿದ್ದರು. ಅನೇಕರ ರೋಗವು ಇಂಥದ್ದೆಂದು ಯಾರೂ ಪರೀಕ್ಷಿಸಿ ಹೇಳಿರಲಿಲ್ಲ. ಬಹುಕಾಲ ಮಲಗಿದ್ದರಿಂದಲೇ ಕೀಲುಗಳು ಬಿಗಿದು, ಮೈಯಲ್ಲಿ ಹಾಸಿಗೆ ಹುಣ್ಣಾಗಿ, ಎದ್ದೇನೆಂಬ ಆಶೆಯೂ ಸತ್ತಿತ್ತು. ಹಾಸಿಗೆಯೇ ಅವರಿಗೆ ಎರಡನೆಯ ರೋಗವಾಗಿತ್ತು.

ಆಕೆ ಮೊದಲು ಮಾಡಿದ ಕೆಲಸವು ದೊಡ್ಡದಾಗಿ ತೋರಲಿಕ್ಕಿಲ್ಲ. ಒಬ್ಬೊಬ್ಬರನ್ನೂ ತಲೆಯಿಂದ ಕಾಲಿನ ವರೆಗೆ ಪರೀಕ್ಷಿಸಿ, ಅವರವರ ಸ್ಥಿತಿಗೆ ತಕ್ಕಂತೆ ಬೇರ್ಪಡಿಸಿದರು. ಮಂಕಾದ ಗೋಡೆಗಳಿಗೆ ತಿಳಿಬಣ್ಣ ಬಳಿಸಿದರು, ಬೆಳಕು ಹೆಚ್ಚಿಸಿದರು, ಹಿಡಿದು ನಡೆಯಲಿಕ್ಕೆ ಕಂಬಿಗಳನ್ನೂ ಕೂಡ್ರಲಿಕ್ಕೆ ತಕ್ಕ ಕುರ್ಚಿಗಳನ್ನೂ ಇಡಿಸಿದರು. ಪಕ್ಷವಾತ ಬಡಿದವರನ್ನು ಮೊದಲು ಹಾಸಿಗೆಯಲ್ಲಿ ಕೂಡ್ರಿಸಿ, ಆ ಮೇಲೆ ನಿಲ್ಲಿಸಿ, ಹೆಜ್ಜೆ ಹೆಜ್ಜೆಯಾಗಿ ನಡೆಯಲು ಕಲಿಸಿದರು. ದಾದಿಯರು, ಅಂಗಸಾಧನೆ ಮಾಡಿಸುವವರು, ಮನೆಯ ಸ್ಥಿತಿಯನ್ನು ವಿಚಾರಿಸುವವರು, ಎಲ್ಲರೂ ವೈದ್ಯರ ಸಂಗಡ ಕೂಡಿ ಕೆಲಸಮಾಡಿದರು. ಹೀಗಿರಲಾಗಿ ಸತ್ತೇ ಹೊರಡುವರೆಂದು ಎಣಿಸಲ್ಪಟ್ಟಿದ್ದ ಅನೇಕರು ನಡೆದುಕೊಂಡು ಮನೆಗೆ ಹೋದರು. ಮುದುಕರಿಗೆ ಬೇಕಾದ ಹಾಸಿಗೆಗಳು ಕ್ರಮೇಣ 240ಕ್ಕೆ ಇಳಿದು, ಉಳಿದವು ಬೇರೆ ರೋಗಿಗಳಿಗೆ ದೊರೆತವು. ಏಳಲಾರದವರನ್ನು ಕೈಬಿಟ್ಟರೆಂದು ಯಾರೂ ನೆನಸಬಾರದು. ಅವರಿಗೂ ತರಬೇತು ಹೊಂದಿದವರ ಆರೈಕೆ ಬೇಕೆಂಬುದು ಆಕೆಯ ಹಟವಾಗಿತ್ತು.

ಇದನ್ನು ಬರೆಯುವಾಗ ನಮಗೆ ನಾಚಿಕೆಯಾಗುತ್ತದೆ. ಹಾಸಿಗೆ ಹಿಡಿದ ಅಜ್ಜ ಅಜ್ಜಿಯರ ಮನೆಗಳಿಗೆ ನಾವು ಎಷ್ಟೋ ಸಾರಿ ಹೋಗಿ, ಪ್ರಾರ್ಥನೆ ಮಾಡಿ, ವಯಸ್ಸಾಯಿತಲ್ಲವೇ ಎಂದು ಮನೆಯವರಿಗೆ ಸಮಾಧಾನ ಹೇಳಿ ಬಂದಿದ್ದೇವೆ. ಅಜ್ಜಿಯು ಕಡೆಯ ಸಾರಿ ಎದ್ದು ಕೂತದ್ದು ಯಾವಾಗ, ಯಾಕೆ ಮಲಗಿದರು, ವೈದ್ಯರು ನೋಡಿದರೋ ಎಂದು ನಾವು ಕೇಳಲಿಲ್ಲ. ವಯಸ್ಸು ಒಂದು ರೋಗವಲ್ಲವೆಂದು ವಾರೆನ್ ಅಮ್ಮನವರು ತಿಳಿದಿದ್ದರು.

ಯುದ್ಧಕಾಲದಲ್ಲಿಯೂ ಅವರು ಸುಮ್ಮನಿರಲಿಲ್ಲ. 1943ರಲ್ಲಿಯೂ 1946ರಲ್ಲಿಯೂ ಇಂಗ್ಲೆಂಡಿನ ದೊಡ್ಡ ವೈದ್ಯ ಪತ್ರಿಕೆಗಳಲ್ಲಿ ಲೇಖನಗಳನ್ನು ಬರೆದು, ಇಂಥ ವೃದ್ಧರನ್ನು ದೂರದ ಮೂಲೆಯಲ್ಲಿ ಅಲ್ಲ, ಸಾಮಾನ್ಯ ಆಸ್ಪತ್ರೆಯೊಳಗೇ ಇಡಬೇಕೆಂದೂ, ವೈದ್ಯವಿದ್ಯಾರ್ಥಿಗಳೂ ದಾದಿಯರೂ ಅವರ ಹಾಸಿಗೆಯ ಬಳಿಯಲ್ಲಿ ಕಲಿಯಬೇಕೆಂದೂ ವಾದಿಸಿದರು. ಪರದೇಶದ ವೈದ್ಯರೂ ಅವರ ವಾರ್ಡುಗಳನ್ನು ನೋಡಲಿಕ್ಕೆ ಬಂದರು. 1947ರಲ್ಲಿ ವೃದ್ಧರ ಆರೈಕೆಗಾಗಿ ಇಂಗ್ಲೆಂಡಿನ ವೈದ್ಯರು ಕಟ್ಟಿದ ಸಂಘದ ಸ್ಥಾಪಕರಲ್ಲಿ ಅವರೂ ಒಬ್ಬರು. ಆ ಸಂಘವು ಬ್ರಿಟಿಷ್ ಜೀರಿಯಾಟ್ರಿಕ್ಸ್ ಸೊಸೈಟಿ ಎಂಬ ಹೆಸರಿನಿಂದ ಈಗಲೂ ನಡೆಯುತ್ತಿದೆ.

1960ರ ಸೆಪ್ಟೆಂಬರಿನಲ್ಲಿ ಯೂರೋಪಿನಲ್ಲಿ ಪ್ರಯಾಣಮಾಡುತ್ತಿರುವಾಗ ಮೋಟಾರಿನ ಅಪಘಾತದಿಂದ ಅವರು ತೀರಿಹೋದರು. ಆಗ ಅವರಿಗೆ 62 ವರುಷ. ಆಸ್ಪತ್ರೆಯ ಕೆಲಸವನ್ನು ಇನ್ನೂ ಬಿಟ್ಟಿರಲಿಲ್ಲ.